ಗುಳಿಗಿ ಉಳೀತು, ಜೊತೀಗೆ ಬರೋರು ಎಲ್ಲಿ ಹೋದ್ರು? ಎಚ್‌ಐವಿಗೆ ಬಂದ ಹೊರದೇಶದ ರೊಕ್ಕದ ಕತಿ

ಝೆರಾಕ್ಸ್ ಅಂಗಡಿ, ಹುಬ್ಬಳ್ಳಿ (ಚರ್ಚೆ ಶುರು ಮಾಡಿದವರು)

ಎಲ್ಲಾರಿಗೂ ನಮಸ್ಕಾರ್ರಿ. ಉದ್ದ ಐತಿ, ಚಹಾ ಹಿಡಕೊಂಡು ಕುಂದರ್ರಿ.

2005ರಿಂದ 2013ರ ತನಕ ನಾನು ಹುಬ್ಬಳ್ಳ್ಯಾಗ ಒಂದು ಎಚ್‌ಐವಿ ಪ್ರಾಜೆಕ್ಟಿನ್ಯಾಗ ಔಟ್‌ರೀಚ್ (ಓಣಿ ಓಣಿಗೆ ಹೋಗಿ ಮಂದೀನ ಕಾಣೋ ಕೆಲಸ) ಸೂಪರ್‌ವೈಸರ್ ಇದ್ದೆ. ಈಗ ಝೆರಾಕ್ಸ್ ಅಂಗಡಿ ಇಟ್ಕೊಂಡೀನಿ. ಮೊನ್ನೆ ಎಂ.ಎಸ್.ಡಬ್ಲ್ಯೂ. ಓದೋ ಒಬ್ಬ ಹುಡುಗ ಪ್ರಿಂಟ್ ತಗಸಾಕ ಬಂದಿದ್ದ. ಅವನ ಹಾಳ್ಯಾಗ ದಕ್ಷಿಣ ಆಫ್ರಿಕಾದ ಒಂದು ಕ್ಲಿನಿಕ್ಕಿನ ಫೋಟೊ, ಬಾಗಲಾ ಮುಚ್ಚಿ ಚೀಟಿ ಅಂಟಿಸಿದ್ದು. 2025ರ ಜನವರಿ 20ಕ್ಕ ಅಮೆರಿಕಾದ ಅಧ್ಯಕ್ಷರು ಹೊರದೇಶದ ನೆರವಿಗೆ 90 ದಿವಸ ತಡೆ ಹಾಕಿದ್ರಲ್ಲ, ಆಗಿಂದು. ಜೀವ ಉಳಿಸೋ ಔಷಧಕ್ಕ ವಿನಾಯಿತಿ ಅಂತ ಆಮ್ಯಾಲ ಹೇಳಿದ್ರು. ಅಷ್ಟೊತ್ತಿಗೆ ಕೆಲಸದವರು ಮನಿಗೆ ಹೋಗಿದ್ರು. ಜುಲೈ 1ಕ್ಕ ಆ ನೆರವು ಹಂಚೋ ಯುಎಸ್‌ಏಡ್ ಅನ್ನೋ ಸಂಸ್ಥೀನ ಬಾಗಲಾ ಹಾಕ್ತು.

ಆ ಫೋಟೊ ನೋಡಿದ ಕೂಡ್ಲೆ ನನಗ ನಮ್ಮ ಡ್ರಾಪ್-ಇನ್ ಸೆಂಟರ್, ಅಂದ್ರ ಧಂದೆ ಮಾಡೋ ಹೆಣ್ಣಮಕ್ಕಳು ಬಂದು ದಣಿವಾರಿಸಿಕೊಳ್ಳೋ ಜಾಗ, ನೆನಪಾತು. ಹಳೇ ಬಸ್‌ಸ್ಟ್ಯಾಂಡಿಂದ ಐದು ನಿಮಿಷದ ಹಾದಿ, ಮ್ಯಾಲಿನ ಮಾಳಗಿ, ಎರಡು ಖೋಲಿ. ಒಂದ್ರಾಗ ಗ್ವಾಡಿ ತುಂಬ ಕನ್ನಡಿ, ಒಂದು ನಳ, ಒಂದು ಬಚ್ಚಲ. ಇನ್ನೊಂದ್ರಾಗ ವಾರಕ್ಕ ಎರಡು ಸಲ ಡಾಕ್ಟರ್ ಕುಂದರ್ತಿದ್ರು. ಮುಂಜಾನಿಂದ ಬಸ್‌ಸ್ಟ್ಯಾಂಡಿನ್ಯಾಗ ನಿಂತ ಹೆಣ್ಣಮಕ್ಕಳು ಮಧ್ಯಾಹ್ನ ಬಂದು ಮಾರಿ ತೊಳಕೊಂಡು, ತಲಿ ಬಾಚಿಕೊಂಡು, ಒಂದು ತಾಸು ಅಡ್ಡಾಗತಿದ್ರು. ದಾನಿಗಳ ಕಡೆಯಿಂದ ನೋಡಾಕ ಬಂದವರೆಲ್ಲಾ ಕಾಂಡೋಮ್ ಸ್ಟಾಕ್ ರಜಿಸ್ಟರ್ ತಿರುವಿ ಹಾಕ್ತಿದ್ರು. ಕನ್ನಡಿ ಬಗ್ಗೆ ಒಬ್ಬರೂ ಕೇಳಲಿಲ್ಲ. ಮೆಟ್ಟಲಾ ಹತ್ತಿ ಬರ್ತಿದ್ದವರಿಗೆ ಕನ್ನಡೀನ ಮೊದಲು.

ಆಗ ರೊಕ್ಕದ ಸುಗ್ಗಿ. ಗೇಟ್ಸ್ ಫೌಂಡೇಶನ್ನಿನ ‘ಅವಾಹನ್’ ಅನ್ನೋ ಎಚ್‌ಐವಿ ತಡ್ಯೋ ಯೋಜನೆ 2003ರಾಗ ಶುರು ಆಗಿತ್ತು, ನಮ್ಮ ಕರ್ನಾಟಕ ಸೇರಿ ಆರು ರಾಜ್ಯದಾಗ. ಮೊದಲು 20 ಕೋಟಿ ಡಾಲರ್ ಅಂದಿದ್ದು 25.8 ಕೋಟಿಗೆ ಏರ್ತು. ಅಮೆರಿಕಾ, ಕೆನಡಾದವರ ಪ್ರಾಜೆಕ್ಟ್‌ಗಳೂ ಇದ್ವು. 2009ರಿಂದ 2013ರೊಳಗ ಒಂದೊಂದ ಸರ್ಕಾರಕ್ಕ ಒಪ್ಪಿಸ್ಕೋತ ಹೋದ್ರು. ನಮ್ಮ ಪಾಳಿ ಬಂದಾಗ ಒಂದು ಪಟ್ಟಿ ಕೈಗೆ ಕೊಟ್ರು: ಕುರ್ಚಿ 22, ಟೇಬಲ್ 3, ಕಪಾಟು 1, ಕನ್ನಡಿ 1. ಪ್ರತಿ ಕುರ್ಚಿ ಬೆನ್ನಿಗೆ ಕೆಂಪು ಬಣ್ಣದಾಗ ನಂಬರ್ ಬರದಿತ್ತು. ನಾನ ಎಣಿಸಿ ಸಹಿ ಮಾಡಿದೆ. ಕುರ್ಚಿ ಟಂಟಂ ಗಾಡ್ಯಾಗ ಹೋದ್ವು. ಕನ್ನಡಿ ಹಿಡೀಲಿಲ್ಲ. ನಾನು, ಒಬ್ಬ ಪಿಯರ್ ಅಕ್ಕ (ಅದ ಧಂದೇದಾಗಿದ್ದು ಪ್ರಾಜೆಕ್ಟಿಗೆ ಕೆಲಸ ಮಾಡಾಕಿ) ಇಬ್ಬರೂ ಆ ಕಡೆ ಈ ಕಡೆ ಹಿಡಕೊಂಡು ಬಜಾರ್‌ದಾಗ ನಡಕೊಂಡು ಹೋದ್ವಿ. ಮಂದಿ ನಿಂತು ತಮ್ಮ ಮಾರಿ ನೋಡ್ಕೊಂಡು ನಕ್ಕು ಮುಂದ ಹೋಗ್ತಿದ್ರು.

ಕಾಗದದ ಮ್ಯಾಲ ಪ್ರಾಜೆಕ್ಟ್ ಬಂದ್ ಆಗಲಿಲ್ಲರಿ. ಬೋರ್ಡ್ ಇತ್ತು, ಕಾಂಡೋಮ್ ಬರ್ತಿದ್ವು. ಎಚ್‌ಐವಿ ಹತೋಟ್ಯಾಗ ಇಡೋ ಎಆರ್‌ಟಿ ಗುಳಿಗಿ 2004ರ ಏಪ್ರಿಲ್ 1ರಿಂದ ಸರ್ಕಾರ ಪುಕ್ಕಟೆ ಕೊಡಾಕತ್ತಿತ್ತು, ಅದೂ ನಿಲ್ಲಲಿಲ್ಲ. ನಿಂತದ್ದು ಮಂದಿ. ಗುಳಿಗಿ ಐತಿ, ಅದರ ಹತ್ತರ ಕರಕೊಂಡು ಹೋಗಾಕಿ ಇಲ್ಲ. ನಿಮ್ಮ ನಿಮ್ಮ ಊರಾಗ ಹೆಂಗಾತು ಹೇಳ್ರಿ.

ಮೆಣಸಿನಕಾಯಿ ಪ್ಯಾಟಿ, ಬ್ಯಾಡಗಿ

ಸರ, ಕನ್ನಡಿ ಕತಿ ಚಲೋ ಐತಿ. ಒಂದು ಕೇಳ್ತೀನಿ, ಬೇಜಾರ ಮಾಡ್ಕೋಬ್ಯಾಡ್ರಿ. 2006ರಾಗ ಭಾರತದಾಗ 57 ಲಕ್ಷ ಮಂದಿಗೆ ಎಚ್‌ಐವಿ ಅಂದ್ರು. ಮರುವರ್ಷ ಅದು 25 ಲಕ್ಷ ಆತು. 32 ಲಕ್ಷ ಮಂದಿ ಒಂದ ವರ್ಷದಾಗ ಆರಾಮಾದ್ರೇನು? ನಮ್ಮ ಪ್ಯಾಟ್ಯಾಗ ಕೆಲವರು ಮೆಣಸಿನಕಾಯಿಗೆ ನೀರು ಹೊಡದು ತೂಕ ಏರಿಸ್ತಾರ. ಇದೂ ಹಂಗ ಅಲ್ಲೇನು? ಲೆಕ್ಕ ದೊಡ್ಡದಾದ್ರ ರೊಕ್ಕ ದೊಡ್ಡದು.

ಆಗಿನ ಎನ್‌ಜಿಒಗಳನ್ನ ನಾನೂ ನೋಡೀನಿ. ಜೀಪು, ಹೋಟೆಲ್‌ದಾಗ ಟ್ರೇನಿಂಗು, ಬಂದವರಿಗೆಲ್ಲಾ ಬ್ಯಾಗು. ಈಗ ಆಫ್ರಿಕಾದ ಝಾಂಬಿಯಾದಾಗೂ ಅದ ಹಾಡು. ಪುಕ್ಕಟೆ ಹಂಚಾಕ ಕೊಟ್ಟ ಔಷಧ ಕದ್ದು ಅಂಗಡ್ಯಾಗ ಮಾರಿದ್ರಂತ 2025ರ ಮೇ ತಿಂಗಳದಾಗ ಅಮೆರಿಕಾ 5 ಕೋಟಿ ಡಾಲರ್ ನೆರವು ಕಡಿತು. ಕೊಟ್ಟವರದು ತಪ್ಪೋ, ತಿಂದವರದೋ?

ಲ್ಯಾಬ್ ತಂಗಿ, ಹಾವೇರಿ ಜಿಲ್ಲೆ

ಅಣ್ಣಾರ, ನೀರು ಹೊಡದದ್ದಲ್ಲ, ತಕ್ಕಡೀನ ಬ್ಯಾರೆ ಇತ್ತು. ಮೊದಲಿನ ಲೆಕ್ಕ ಹೆಂಗಂದ್ರ, ವರ್ಷದಾಗ ಕೆಲವು ವಾರ ಸರ್ಕಾರಿ ಆಸ್ಪತ್ರಿಗೆ ಬರೋ ಬಸುರಿ ಹೆಣ್ಣಮಕ್ಕಳ ರಕ್ತ, ಗುಪ್ತರೋಗದ ಕ್ಲಿನಿಕ್ಕಿಗೆ ಬಂದವರ ರಕ್ತ ಹೆಸರಿಲ್ಲದ ನೋಡಿ, ಅದರ ಮ್ಯಾಲ ಇಡೀ ದೇಶಕ್ಕ ಗುಣಾಕಾರ. ಬ್ಯಾನಿ ಇದ್ದವರು ಹೆಚ್ಚು ಬರೋ ಜಾಗದಾಗ ನಿಂತು ಊರ ಲೆಕ್ಕ ಹಾಕಿದಂಗ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನಿಮನಿಗೆ ಹೋಗಿ ಒಂದು ಲಕ್ಷಕ್ಕಿಂತ ಹೆಚ್ಚು ಮಂದಿಯ ರಕ್ತ ನೋಡಿದ್ರು. ಆವಾಗ ಖರೇ ತೂಕ ಸಿಕ್ತು.

ಆದ್ರ ನಿಮ್ಮ ಅನುಮಾನ ಪೂರ್ತಿ ಸುಳ್ಳು ಅಂತ ನಾನು ಹೇಳೂದಿಲ್ಲ. 57 ಲಕ್ಷ ಅಂದಾಗ ಜಗತ್ತೆಲ್ಲಾ ನಮ್ಮ ಕಡೆ ನೋಡ್ತು, ಜಗತ್ತಿನಾಗ ಮೊದಲನೇ ನಂಬರ್ ನಾವು ಅಂತ ಪೇಪರ್‌ದಾಗ ಬಂತು. 25 ಅಂದ ಮ್ಯಾಲ, ಭಾರತ ಮಧ್ಯಮ ಆದಾಯದ ದೇಶ ಅನ್ನೋ ಮಾತೂ ಕೂಡಿದ ಮ್ಯಾಲ, ದಾನಿಗಳು ಚಪ್ಪಲಿ ಹಾಕ್ಕೊಳ್ಳಾಕ ಶುರು ಮಾಡಿದ್ರು. ಕೆಲಸ ಮಾತ್ರ ಅಷ್ಟ ಇತ್ತು. 2021ರ ಅಂದಾಜಿನ್ಯಾಗೂ ದೇಶದಾಗ 24 ಲಕ್ಷ ಮಂದಿ, ಅದರಾಗ ನಮ್ಮ ರಾಜ್ಯದವರು 2.76 ಲಕ್ಷ. ಮಹಾರಾಷ್ಟ್ರ, ಆಂಧ್ರ ಬಿಟ್ರ ನಾವ.

ಲೆಕ್ಕದ ರಾಯರು, ಧಾರವಾಡ

ಇಬ್ಬರೂ ಅರ್ಧರ್ಧ ಸರಿ ಇದ್ದೀರಿ. ನಾನು ಇಂಥ ಐದಾರು ಸಂಸ್ಥೆಗಳ ಲೆಕ್ಕ ಬರೆದವನು, ನಿವೃತ್ತನಾಗಿದ್ದೇನೆ. ಹಾಗಾಗಿ ಒಂದು ತಕರಾರು. ‘ದಾನಿಗಳ ರೊಕ್ಕ’ ಎಂದು ನೀವು ಬೇರೆ ಬೇರೆ ಹಣವನ್ನು ಒಂದೇ ಚೀಲಕ್ಕೆ ಸುರಿದುಬಿಟ್ಟಿದ್ದೀರಿ.

1992ರಲ್ಲಿ ನ್ಯಾಕೋ, ಅಂದರೆ ಕೇಂದ್ರದ ಏಡ್ಸ್ ನಿಯಂತ್ರಣ ಸಂಸ್ಥೆ, ಹುಟ್ಟಿದ್ದು ವಿಶ್ವಬ್ಯಾಂಕಿನ 8.4 ಕೋಟಿ ಡಾಲರ್ ಜೊತೆಗೆ. ಅದು ದಾನವಲ್ಲ ಸ್ವಾಮಿ, ಸಾಲ. ಬಡ್ಡಿ ಹಗುರ, ಕಂತು ದೂರ, ಆದರೂ ಸಾಲ. 1999ರಲ್ಲಿ ಮತ್ತೆ 19.1 ಕೋಟಿ, 2013ರಲ್ಲಿ 25.5 ಕೋಟಿ. ತೀರಿಸುವವರು ನಾವೇ. ಇನ್ನು 2002ರಲ್ಲಿ ಶುರುವಾದ ಗ್ಲೋಬಲ್ ಫಂಡ್, ಏಡ್ಸ್, ಕ್ಷಯ, ಮಲೇರಿಯಾಕ್ಕೆ ಹಣ ಕೊಡುವ ಅಂತರರಾಷ್ಟ್ರೀಯ ನಿಧಿ. ಅದು ನಿಜವಾದ ಅನುದಾನ, ಬಹುಪಾಲು ಸರ್ಕಾರದ ಮೂಲಕವೇ ಬಂತು. ಝೆರಾಕ್ಸ್ ಅಂಗಡಿಯವರು ‘ಗುಳಿಗಿ ಸರ್ಕಾರದ್ದು’ ಎಂದದ್ದಕ್ಕೆ ಇಲ್ಲೊಂದು ತಿದ್ದುಪಡಿ: ಕೊಟ್ಟ ಕೈ ಸರ್ಕಾರದ್ದು, ಆದರೆ ಮೊದಲ ವರ್ಷಗಳಲ್ಲಿ ಆ ಗುಳಿಗೆಯಲ್ಲಿ ಗ್ಲೋಬಲ್ ಫಂಡ್ ಪಾಲು ದೊಡ್ಡದಿತ್ತು. ಕೊನೆಯದು, ಬೊಕ್ಕಸವನ್ನು ಮುಟ್ಟದೆ ನೇರ ಸಂಸ್ಥೆಗಳ ಖಾತೆಗೆ ಬಿದ್ದ ಹಣ. ಗೇಟ್ಸ್ ಫೌಂಡೇಶನ್ನಿನದು ಈ ಜಾತಿ.

ಸಾಲದ ಹಣ ನಿಧಾನ, ಫೈಲಿನ ಮೇಲೆ ಫೈಲು. ಆದರೆ ಅದರಿಂದ ಆದ ಹುದ್ದೆ, ಕಚೇರಿ, ರಕ್ತನಿಧಿ ಉಳಿದವು. ನೇರ ಬಂದ ಹಣ ಮಿಂಚು. ಸೋಮವಾರ ಕೇಳಿದರೆ ಶುಕ್ರವಾರ ಬಂತು. ಅದರಿಂದ ಕಟ್ಟಿದ್ದು ಮನುಷ್ಯರ ಕೆಲಸ, ಹಾಗಾಗಿ ಹೋಗುವಾಗಲೂ ಮೊದಲು ಹೋದದ್ದು ಮನುಷ್ಯರೇ. ಆದರೂ ಅದು ಮಾಡಿದ ಕೆಲಸ ಸಣ್ಣದಲ್ಲ. 2003ರಿಂದ 2008ರವರೆಗೆ ಅವಾಹನ್‌ನಿಂದ ಸುಮಾರು ಒಂದು ಲಕ್ಷ ಹೊಸ ಸೋಂಕು ತಪ್ಪಿತು ಎಂದು 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಂದಾಜು ಬಂತು. ಜೀಪು, ಬ್ಯಾಗುಗಳ ಖರ್ಚು ಕಳೆದರೂ ಲೆಕ್ಕ ತಾಳೆಯಾಗುತ್ತದೆ.

ದಕ್ಷಿಣ ಆಫ್ರಿಕಾಕ್ಕೂ ಇದೇ ಅಳತೆ ಹಿಡಿಯಿರಿ. ಅಲ್ಲಿ ಸುಮಾರು 80 ಲಕ್ಷ ಸೋಂಕಿತರು. ಗುಳಿಗೆಯನ್ನು ಬಹುಪಾಲು ಅಲ್ಲಿನ ಸರ್ಕಾರವೇ ಕೊಳ್ಳುತ್ತದೆ. ಅಮೆರಿಕದ ಏಡ್ಸ್ ನೆರವಿನ ಯೋಜನೆ ಪೆಪ್‌ಫರ್‌ನ ಪಾಲು ಅವರ ಒಟ್ಟು ಎಚ್‌ಐವಿ ವೆಚ್ಚದಲ್ಲಿ ಸುಮಾರು 17% ಇತ್ತು. ಸಣ್ಣದಾಯಿತಲ್ಲ? ಆದರೆ ಆ 17% ಇದ್ದದ್ದು ಸಮಾಲೋಚಕರಲ್ಲಿ, ಕೇರಿ ತಿರುಗುವವರಲ್ಲಿ, ದಾಖಲೆ ಬರೆಯುವವರಲ್ಲಿ, ಲೈಂಗಿಕ ಕಾರ್ಯಕರ್ತೆಯರ ಕ್ಲಿನಿಕ್ಕುಗಳಲ್ಲಿ. ನೀವು ಹುಬ್ಬಳ್ಳಿಯಲ್ಲಿ ಕಂಡದ್ದೇ. ಗುಳಿಗೆಯೂ ಹೊರಗಿನಿಂದಲೇ ಬರುತ್ತಿದ್ದ ಮೊಝಾಂಬಿಕ್, ಮಲಾವಿಯಂಥ ದೇಶಗಳ ಪಾಡು ಇನ್ನೂ ಕಷ್ಟ.

ಝೆರಾಕ್ಸ್ ಅಂಗಡಿ, ಹುಬ್ಬಳ್ಳಿ

ರಾಯರ, ತಿದ್ದಿದ್ದು ಚಲೋ ಆತು. ಹದಿನೇಳು ಪರ್ಸೆಂಟಿನ ಮಾತು ನನಗ ಗೊತ್ತಿದ್ದಿಲ್ಲ.

ಬೆಟಗೇರಿ ಅವ್ವ, ಗದಗ

ನಮಸ್ಕಾರ್ರಿ ಎಲ್ಲಾರಿಗೂ. ನನಗ ಬರಿಯಾಕ ಬರೂದಿಲ್ಲ, ನಾ ಹೇಳ್ತೀನಿ, ನನ್ನ ಮಗಳು ಬರೀತಾಳ. ಆಕೀಗೆ ಎಲ್ಲಾ ಗೊತ್ತೈತಿ, ಮುಚ್ಚಿಡೂದೇನಿಲ್ಲ.

ನಾನು 2006ರಿಂದ ಪಿಯರ್. ನನ್ನ ಕೈಯಾಗ 58 ಮಂದಿ ಹೆಣ್ಣಮಕ್ಕಳು ಇದ್ರು, ಸ್ಟೇಶನ್ ಕಡೇವ್ರು, ಸಂತಿ ಕಡೇವ್ರು, ಮನ್ಯಾಗ ಧಂದೆ ಮಾಡೋರು. ಅಕ್ಷರ ಬರದವ್ರು ಲೆಕ್ಕ ಹೆಂಗ ಇಡೂದು? ಅದಕ್ಕ ಚಿತ್ರದ ಪುಸ್ತಕ ಮಾಡಿ ಕೊಟ್ಟಿದ್ರು. ಒಬ್ಬಾಕಿಗೆ ಒಂದು ಸಾಲು. ಕಾಂಡೋಮ್ ಚಿತ್ರದ ಕೆಳಗ ಎಷ್ಟು ಕೊಟ್ಟಿ ಅಷ್ಟು ಗೀಟು, ದವಾಖಾನಿ ಚಿತ್ರದ ಕೆಳಗ ಹೋಗಿ ಬಂದಿದ್ರ ಟಿಕ್, ಹೊಡತ ಬಿದ್ದಿದ್ರ ಮುಷ್ಟಿ ಚಿತ್ರಕ್ಕ ಕೆಂಪು ಬೊಟ್ಟು. ತಿಂಗಳ ಕೊನೀಗೆ ಎಲ್ಲಾ ಪಿಯರ್‌ಗಳು ಚಾಪಿ ಮ್ಯಾಲ ಪುಸ್ತಕ ಹರವಿಕೊಂಡು ಕುಂದರ್ತಿದ್ವಿ. ಯಾವ ಓಣ್ಯಾಗ ಕೆಂಪು ಬೊಟ್ಟು ಹೆಚ್ಚ ಐತಿ ಅಂತ ನಮಗ ಕಾಣ್ತಿತ್ತು. ಅಲ್ಲಿಗೆ ಮೊದಲು ಹೋಗ್ತಿದ್ವಿ. ನಾ ಸಾಲಿ ಕಲ್ತಾಕಿ ಅಲ್ಲ, ಆದ್ರ ನನ್ನ ಊರಿನ ನಕ್ಷೆ ನನ್ನ ಕೈಯಾಗ ಇತ್ತು.

ಒಂದು ರಾತ್ರಿ ಹನ್ನೊಂದಕ್ಕ ಫೋನ್ ಬಂತು, ಇಬ್ಬರು ಹುಡಿಗ್ಯಾರನ್ನ ಠಾಣೆಕ್ಕ ಒಯ್ದಾರ ಅಂತ. ಯಾವ ಊರು ಅಂತ ಹೇಳೂದಿಲ್ಲ. ನಾವು ಮೂರು ಮಂದಿ ಹೋಗಿ ಬಾಗಲದಾಗ ಕುಂತ್ವಿ, ವಕೀಲರಿಗೆ ಫೋನ್ ಹಚ್ಚಿದ್ವಿ, ಬಂದ್ರು. ಅವರ ಫೀಜು, ನಮ್ಮ ಆಟೋ, ಫೋನಿನ ಖರ್ಚು ಎಲ್ಲಾ ಪ್ರಾಜೆಕ್ಟಿನ್ಯಾಗಿಂದು. ನಸುಕಿನ್ಯಾಗ ಬಿಟ್ರು. ಆ ಹುಡಿಗ್ಯಾರು ಮರುದಿನ ತಾವ ಬಂದು ರಕ್ತ ತಪಾಸ್ ಮಾಡಿಸಿದ್ರು. ಅದಕ್ಕಿಂತ ಮೊದಲು ಆರು ತಿಂಗಳು ಕರದ್ರೂ ಬಂದಿರಲಿಲ್ಲ. ಪ್ರಾಜೆಕ್ಟ್ ಕೈ ಬದಲಾದ ಮ್ಯಾಲ ವಕೀಲರ ರೊಕ್ಕ ಬಂದ್ ಆತು. ‘ಅದು ಆರೋಗ್ಯದ ಕೆಲಸ ಅಲ್ಲಮ್ಮ’ ಅಂದ್ರು.

ಬ್ಯಾಡಗಿ ಅಣ್ಣಾರ, ರೊಕ್ಕ ತಿಂದವ್ರು ಇದ್ರು, ನಾ ಇಲ್ಲ ಅನ್ನೂದಿಲ್ಲ. ನಮಗ ತಿಂಗಳಿಗೆ ಬರ್ತಿದ್ದು ಒಂದೂವರಿ ಸಾವಿರ. ಅದರಾಗ ಏನು ತಿನ್ನೂದ್ರಿ. ನನಗ ಸಿಟ್ಟು ಬ್ಯಾರೆ ಐತಿ. ಲೆಕ್ಕ ನಮಗಾಗಿ ಶುರು ಆತು, ಆಮ್ಯಾಲ ಲೆಕ್ಕಕ್ಕಾಗಿ ನಾವ ಇದ್ವಿ. ಈ ತಿಂಗಳಿಗೆ ಇಷ್ಟು ಟೆಸ್ಟ್ ಆಗಬೇಕು ಅಂತ ಮ್ಯಾಲಿಂದ ಬರ್ತಿತ್ತು. ಹೊಸಬರು ಸಿಗದಿದ್ರ ಹೋದ ಸಲ ಬಂದಾಕಿನ್ನ ಕೈ ಕಾಲು ಹಿಡದು ಮತ್ತ ಕರಕೊಂಡು ಹೋಗೂದು. ‘ಯವ್ವಾ, ನನ್ನ ಮೈಯಾಗಿಂದ ರಕ್ತ ಎಲ್ಲಾ ನಿನ್ನ ಪುಸ್ತಕಕ್ಕ ಹೊಂಟೈತಿ’ ಅಂತ ಒಬ್ಬಾಕಿ ನನಗ ಅಂದಿದ್ಲು.

ನಿರ್ವಾಹಕ

ಒಂದು ವಿನಂತಿ. ಇಲ್ಲಿ ಬರೆಯುವವರು ಯಾರಿರಬಹುದು ಎಂದು ಊಹೆ ಮಾಡಿ ಬರೆಯಬೇಡಿ. ಅಂಥ ಎರಡು ಪ್ರತಿಕ್ರಿಯೆ ತೆಗೆದಿದ್ದೇವೆ. ಒಬ್ಬರ ಎಚ್‌ಐವಿ ಸ್ಥಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಬಯಲು ಮಾಡುವುದನ್ನು 2017ರ ಕಾಯ್ದೆ ತಡೆಯುತ್ತದೆ. ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ.

ತಿಂಗಳಿಗೊಮ್ಮೆ

ಅವ್ವಾರ, ನಿಮ್ಮದು ಓದಿ ಬರೀಬೇಕು ಅನಿಸ್ತು.

ನಾನು ಹುಟ್ಟಿದ್ದು 2001ರಾಗ, ರಾಣೆಬೆನ್ನೂರು ಕಡೆ. ಹುಟ್ಟಿದಾಗಿಂದ ಎಚ್‌ಐವಿ ಐತಿ. ಅಪ್ಪ ಲಾರಿ ಡ್ರೈವರ್, 2003ರಾಗ ತೀರಿಕೊಂಡ್ರು. ಆವಾಗ ಪುಕ್ಕಟೆ ಔಷಧ ಇರಲಿಲ್ಲ. ಒಂದು ವರ್ಷ ತಡದಿದ್ರ ಅಂತ ಅವ್ವ ಈಗಲೂ ಲೆಕ್ಕ ಹಾಕ್ತಾಳ. ಆಕಿ ಬದುಕ್ಯಾಳ, ಹೊಲಕ್ಕ ಹೋಗ್ತಾಳ.

ಸಣ್ಣ ಹುಡುಗ್ರಿಗೆ ಬ್ಯಾರೆ ಗುಳಿಗಿ ಇರಲಿಲ್ಲ. ದೊಡ್ಡವರ ಗುಳಿಗೀನ ಅವ್ವ ಈಳಿಗಿ ಮಣಿ ಮ್ಯಾಲ ಇಟ್ಟು ತುಂಡು ಮಾಡಿ ಕೊಡ್ತಿದ್ಲು. ಅರ್ಧ ಒಮ್ಮೆ ದೊಡ್ಡದು, ಒಮ್ಮೆ ಸಣ್ಣದು. ಪುಡಿ ಬಿದ್ರ ಬೆರಳಿಗೆ ಹಚ್ಚಿಕೊಂಡು ನನ್ನ ನಾಲಿಗಿ ಮ್ಯಾಲ ಒರಸ್ತಿದ್ಲು. ಮಕ್ಕಳ ಚಿಕಿತ್ಸೆಯ ರಾಷ್ಟ್ರೀಯ ಕಾರ್ಯಕ್ರಮ 2006ರ ನವೆಂಬರ್ 30ಕ್ಕ ಶುರು ಆತು, ಮಕ್ಕಳ ಗುಳಿಗಿ ಕ್ಲಿಂಟನ್ ಫೌಂಡೇಶನ್ ನೆರವಿಲೆ ಬಂದ್ವು. ನಾ ಇದನ್ನ ಈಗ ಓದಿ ತಿಳಕೊಂಡದ್ದು. ಆಗ ಗೊತ್ತಿದ್ದದ್ದು ಇಷ್ಟ, ಒಂದಿನ ಹುಬ್ಬಳ್ಳಿಯಿಂದ ಬರೋ ಮುಂದ ಅವ್ವನ ಚೀಲದಾಗ ನನ್ನ ಅಳತೀದ ಗುಳಿಗಿ ಇತ್ತು, ಈಳಿಗಿ ಬಿಟ್ವಿ. ಹಂಗಾಗಿ ‘ಹೊರದೇಶದ ರೊಕ್ಕ ನಮಗ್ಯಾಕ’ ಅಂತ ಯಾರರ ಅಂದ್ರ ನನ್ನ ಬಾಯಿ ಮುಂದ ಬರೂದಿಲ್ಲ.

ಹಂಗಂತ ನಮ್ಮ ರೊಕ್ಕ ಆದ ಮ್ಯಾಲ ಎಲ್ಲಾ ಸಸೂತ್ರ ಆತು ಅಂತಲ್ಲ. 2022ರ ಜುಲೈದಾಗ ದಿಲ್ಲಿಯೊಳಗ ನ್ಯಾಕೋ ಆಫೀಸಿನ ಮುಂದ ನಮ್ಮಂಥವರು ಒಂದು ತಿಂಗಳಿಗಿಂತ ಹೆಚ್ಚು ಧರಣಿ ಕುಂತಿದ್ರು, ಗುಳಿಗಿ ಸಾಲವಲ್ದು ಅಂತ. ನನಗೂ ಆ ದಿವಸದಾಗ ತಿಂಗಳ ಡಬ್ಬಿ ಬದಲು ಹತ್ತು ದಿವಸದ ಗುಳಿಗಿ ಎಣಿಸಿ ಕೊಟ್ಟಿದ್ರು. ಯಾವ ಸೆಂಟರ್ ಅಂತ ಬ್ಯಾಡ, ಅಲ್ಲಿ ಸಿಸ್ಟರ್‌ಗಳು ಒಳ್ಳೇವ್ರು. ತಿಂಗಳದಾಗ ಮೂರು ಸಲ ರಜಾ ಹಾಕಬೇಕಾತು. ಮಾಲಕರಿಗೆ ಏನು ಹೇಳೂದು? ‘ಹಲ್ಲು ನೋವು’ ಅಂದೆ. ಮೂರನೇ ಸಲಕ್ಕ ‘ಎಲ್ಲಾ ಹಲ್ಲು ಕೀಳಿಸ್ಕೊಂಡ ಬಿಡಪಾ’ ಅಂದ್ರು.

ನವಲಗುಂದದಾಂವ, ಈಗ ಹೈದರಾಬಾದ್

ನಾನು ಇಲ್ಲಿ ಗುಳಿಗಿ ಫ್ಯಾಕ್ಟರ್ಯಾಗ ಕ್ವಾಲಿಟಿ ವಿಭಾಗದಾಗ ಅದೀನಿ. ನಮ್ಮ ಕಂಪನಿ ಮಾತು ಹೊರಗ ಆಡೂ ಹಂಗಿಲ್ಲ. ಎಲ್ಲಾರಿಗೂ ಗೊತ್ತಿದ್ದದ್ದ ಹೇಳ್ತೀನಿ.

ಈ ರೊಕ್ಕ ಒಂದ ದಿಕ್ಕಿಗೆ ಹರೀತಿತ್ತು ಅಂತ ತಿಳಕೋಬ್ಯಾಡ್ರಿ. 2000ದ ಹೊತ್ತಿಗೆ ಒಬ್ಬ ಮನಷ್ಯಾಗ ವರ್ಷದ ಎಚ್‌ಐವಿ ಔಷಧಕ್ಕ 10,000 ಡಾಲರ್‌ಕ್ಕಿಂತ ಹೆಚ್ಚು ಆಗ್ತಿತ್ತು. 2001ರ ಫೆಬ್ರವರಿಯೊಳಗ ನಮ್ಮ ದೇಶದ ಔಷಧ ಕಂಪನಿ ಸಿಪ್ಲಾದ ಯೂಸುಫ್ ಹಮೀದ್ ‘350 ಡಾಲರಿಗೆ ಕೊಡ್ತೀನಿ’ ಅಂದ್ರು, ದಿನಕ್ಕ ಒಂದು ಡಾಲರ್‌ಕ್ಕಿಂತ ಕಡಿಮಿ. ಅದು ಆಗಿದ್ದು ನಮ್ಮ 1970ರ ಪೇಟೆಂಟ್ ಕಾಯ್ದೆಯಿಂದ. ಔಷಧಕ್ಕ ಪೇಟೆಂಟ್ ಇಲ್ಲ, ಅದನ್ನ ಮಾಡೋ ವಿಧಾನಕ್ಕ ಮಾತ್ರ. 2005ರಾಗ ಕಾಯ್ದೆ ಬದಲಾತು, ಅಷ್ಟೊತ್ತಿಗೆ ನಮ್ಮವರು ಕೈ ಪಳಗಿಸಿಕೊಂಡಿದ್ರು. 2003ರಾಗ ಬುಷ್ ಪೆಪ್‌ಫರ್ ಅಂತ 1,500 ಕೋಟಿ ಡಾಲರ್ ಘೋಷಣೆ ಮಾಡಿದಾಗ ಮೊದಲು ಬ್ರ್ಯಾಂಡ್ ಔಷಧಾನ ಕೊಳ್ತಿದ್ರು. ಆಮ್ಯಾಲ ಅವರ ಔಷಧ ತಪಾಸ ಮಾಡೋ ಸಂಸ್ಥೆ ಎಫ್‌ಡಿಎ ನಮ್ಮ ಜೆನೆರಿಕ್ ಗುಳಿಗಿ ನೋಡಿ ಪಾಸ್ ಮಾಡಾಕತ್ತಿತು. 2006ರ ಮ್ಯಾಲ ಬಡ ದೇಶಗಳಿಗೆ ದಾನಿಗಳ ರೊಕ್ಕದಾಗ ಹೋದ ಎಚ್‌ಐವಿ ಔಷಧದಾಗ 80%ಕ್ಕಿಂತ ಹೆಚ್ಚು ಭಾರತದಾಗ ಮಾಡಿದ್ದು.

ತಿಂಗಳಿಗೊಮ್ಮೆ ತಮ್ಮಾ, ನಿನಗ ಗುಳಿಗಿ ಕಡಿಮಿ ಬಿದ್ದಿದ್ದು ರೊಕ್ಕ ಇಲ್ಲಂತಲ್ಲ, ಮಾಡೋರು ಇಲ್ಲಂತಲ್ಲ. ಟೆಂಡರ್ ತಡಾ ಆದ್ರ ಹಂಗ ಆಗ್ತದ. ಝಾಂಬಿಯಾದ ಲುಸಾಕಾಕ್ಕ ಗುಳಿಗಿ ಕಳಿಸೋ ದೇಶದಾಗ ನಮ್ಮ ಹುಡುಗ ಹತ್ತು ದಿವಸದ್ದು ಎಣಿಸ್ಕೊಂಡು ಹೋಗ್ಯಾನ. ನಮ್ಮ ಕ್ಯಾಂಟೀನಿನ್ಯಾಗ ಇದನ್ನ ಹೇಳಿದೆ, ಯಾರೂ ನಂಬಲಿಲ್ಲ.

ಮೆಣಸಿನಕಾಯಿ ಪ್ಯಾಟಿ, ಬ್ಯಾಡಗಿ

ಬೆಟಗೇರಿ ಅಕ್ಕಾರ, ಒಂದೂವರಿ ಸಾವಿರದ ಮಾತಿಗೆ ನಾ ತಪ್ಪಾತು ಅಂತೀನಿ. ನಾ ಅಂದಿದ್ದು ನಿಮಗಲ್ಲ.

ನಾನೂ ಒಂದು ಹೇಳ್ತೀನಿ. ಸೀಜನ್‌ದಾಗ ನಮ್ಮ ಪ್ಯಾಟಿಗೆ ಆಂಧ್ರ, ಮಹಾರಾಷ್ಟ್ರದ ಲಾರಿ ಸಾಲುಗಟ್ಟಿ ಬರ್ತಾವ. ಲೋಡ್ ಆಗೂ ತನಕ ಎರಡು ದಿನ, ಮೂರು ದಿನ ಡ್ರೈವರ್‌ಗಳಿಗೆ ಕೆಲಸ ಇರೂದಿಲ್ಲ. ಒಂದ್ ಸಲ ಒಂದು ತಂಡ ಬಂದು ಬೀದಿ ನಾಟಕ ಆಡಿದ್ರು, ಡೊಳ್ಳು ಬಾರಿಸ್ಕೋತ. ಒಬ್ಬಾಂವ ಕಟ್ಟಿಗಿ ಸಾಮಾನು ಹಿಡಕೊಂಡು ಕಾಂಡೋಮ್ ಹಾಕೂದು ತೋರಿಸಿದ. ಹಮಾಲರೆಲ್ಲಾ ಬಿದ್ದು ಬಿದ್ದು ನಕ್ರು. ನಮ್ಮ ಅಂಗಡಿ ಕಂಬಕ್ಕ ಒಂದು ಡಬ್ಬಿ ಜೋತು ಹಾಕಿ ಹೋದ್ರು. ಹಗಲಿ ಯಾರೂ ಮುಟ್ಟಲಿಲ್ಲ. ಮುಂಜಾನಿ ನೋಡಿದ್ರ ಖಾಲಿ. ಮತ್ತ ತುಂಬಿದ್ರು, ಮತ್ತ ಖಾಲಿ. ಆಮ್ಯಾಲ ತುಂಬೋರು ಬರೋದು ನಿಂತ್ರು. ಡಬ್ಬಿ ಭಾಳ ದಿನ ಇತ್ತು, ಈಗ ಅದರಾಗ ತೂಕದ ಚೀಟಿ ಇಡ್ತೀವಿ.

ಆದ್ರೂ ನನ್ನ ಪ್ರಶ್ನಿ ಹಂಗ ಐತಿ. ಮಂದಿ ರೊಕ್ಕದಾಗ ಕಟ್ಟಿದ ಮನಿ ಮಂದಿ ಹೇಳಿದಂಗ ಕೇಳಬೇಕಲ್ಲ?

ಲೆಕ್ಕದ ರಾಯರು, ಧಾರವಾಡ

ಕೇಳಬೇಕು. ಕೇಳದೇ ಇದ್ದವರೂ ಇದ್ದಾರೆ. ಪೆಪ್‌ಫರ್‌ನ 2003ರ ಕಾನೂನಿನಲ್ಲೇ ಎರಡು ಷರತ್ತು ಇದ್ದವು. ತಡೆಗಟ್ಟುವ ಕೆಲಸದ ಹಣದಲ್ಲಿ ಮೂರನೇ ಒಂದು ಪಾಲು ‘ಮದುವೆವರೆಗೆ ಸಂಯಮ’ ಎಂಬ ಪ್ರಚಾರಕ್ಕೆ ಮೀಸಲು. ಇನ್ನೊಂದು, ಹಣ ಪಡೆಯುವ ಸಂಸ್ಥೆ ತಾನು ವೇಶ್ಯಾವೃತ್ತಿಯನ್ನು ವಿರೋಧಿಸುತ್ತೇನೆ ಎಂದು ಬರೆದುಕೊಡಬೇಕು. ಯಾರ ನಡುವೆ ಕೆಲಸ ಮಾಡಬೇಕೋ ಅವರನ್ನೇ ವಿರೋಧಿಸುತ್ತೇನೆ ಎಂದು ಸಹಿ! 2005ರಲ್ಲಿ ಬ್ರೆಜಿಲ್ ಇದೇ ಕಾರಣಕ್ಕೆ ಸುಮಾರು 4 ಕೋಟಿ ಡಾಲರ್ ಬೇಡ ಎಂದಿತು. ಅದೇ ವರ್ಷ ಲೈಂಗಿಕ ಕಾರ್ಯಕರ್ತೆಯರ ನಡುವೆ ಕೆಲಸ ಮಾಡುವ, ನಮ್ಮ ಪಕ್ಕದ ಸಾಂಗ್ಲಿಯ ಸಂಗ್ರಾಮ್ ಸಂಸ್ಥೆಯೂ ಅಮೆರಿಕದ ಹಣ ಬಿಟ್ಟಿತು. ಬ್ರೆಜಿಲ್‌ಗೆ ಖಜಾನೆ ಇತ್ತು. ಸಾಂಗ್ಲಿಯವರಿಗೆ ಏನಿತ್ತು ಹೇಳಿ?

ಇನ್ನು ನಮ್ಮ ಸರ್ಕಾರದ ಹಣಕ್ಕೆ ಷರತ್ತು ಇಲ್ಲವೆ? ಅದರ ಷರತ್ತು ವಿಳಂಬ. 2014ರವರೆಗೆ ಕೇಂದ್ರದ ಏಡ್ಸ್ ಹಣ ನೇರ ರಾಜ್ಯದ ಏಡ್ಸ್ ಸೊಸೈಟಿಗೆ ಬರುತ್ತಿತ್ತು. ಆ ವರ್ಷದಿಂದ ರಾಜ್ಯದ ಖಜಾನೆ ಸುತ್ತಿ ಬರುವಂತಾಯಿತು. ದೇಶದ ತುಂಬ ಸಂಬಳ ನಿಂತವು. ಒಂದು ಸಂಸ್ಥೆಯಲ್ಲಿ ಐದು ತಿಂಗಳು ನಾನು ಸಂಬಳದ ಪಟ್ಟಿ ಬರೆಯುತ್ತಿದ್ದೆ, ಚೆಕ್ ಬರೆಯುತ್ತಿರಲಿಲ್ಲ. ಹೊರಗಿನ ಹಣ ತಂದು ಆ ತೂತು ಮುಚ್ಚೋಣ ಎಂದರೆ ವಿದೇಶಿ ದೇಣಿಗೆ ಕಾಯ್ದೆಗೆ 2020ರ ತಿದ್ದುಪಡಿ ಬಂತು: ವಿದೇಶಿ ದೇಣಿಗೆ ಪಡೆದ ದೊಡ್ಡ ಸಂಸ್ಥೆ ಅದನ್ನು ಸಣ್ಣ ಸಂಸ್ಥೆಗೆ ಹಂಚುವಂತಿಲ್ಲ, ಆಡಳಿತ ವೆಚ್ಚ 50%ರಿಂದ 20%ಕ್ಕೆ, ಖಾತೆ ದಿಲ್ಲಿಯ ಒಂದೇ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ. ಔಟ್‌ರೀಚ್‌ನವರ ಸಂಬಳವನ್ನು ಆಡಳಿತ ವೆಚ್ಚ ಎಂದು ಬರೆಯಬೇಕೋ ಕಾರ್ಯಕ್ರಮದ ವೆಚ್ಚ ಎಂದೋ ಎಂಬ ಜಗಳದಲ್ಲಿ ನನ್ನ ಎರಡು ಕನ್ನಡಕ ಬದಲಾದವು.

ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಐದನೇ ಹಂತ 2021ರಿಂದ 2026ರ ಮಾರ್ಚ್‌ವರೆಗಿನದು, 15,471.94 ಕೋಟಿ ರೂಪಾಯಿ, ಕೇಂದ್ರದ್ದೇ ಯೋಜನೆ. ಗ್ಲೋಬಲ್ ಫಂಡ್ ನೆರವು ಇನ್ನೂ ಇದೆ, ಆದರೆ ಅದು ನಿಂತರೆ ನಮ್ಮ ಗುಳಿಗೆ ನಿಲ್ಲುವ ಸ್ಥಿತಿ ಇಲ್ಲ. ಇದಕ್ಕೆ ನಾನು ಚಪ್ಪಾಳೆ ತಟ್ಟುತ್ತೇನೆ. ಮೇಲೆ ಅವ್ವ ಹೇಳಿದ ಕೆಂಪು ಬೊಟ್ಟಿಗೆ ಮಾತ್ರ ಇದರಲ್ಲಿ ಕಾಲಂ ಇಲ್ಲ.

ಲ್ಯಾಬ್ ತಂಗಿ, ಹಾವೇರಿ ಜಿಲ್ಲೆ

ರಾಯರ, ನಿಮ್ಮ ಐದು ತಿಂಗಳು ಓದಿ ನಗು ಬಂತು, ಯಾಕಂದ್ರ ಆ ಪಟ್ಟ್ಯಾಗ ನಮ್ಮಂಥವರ ಹೆಸರ ಇರ್ತಾವ. ನಾನು ಕಾಂಟ್ರ್ಯಾಕ್ಟ್ ಮ್ಯಾಲ ಸೇರಿ ಹದಿನಾರು ವರ್ಷ ಆತು, ಇನ್ನೂ ಕಾಂಟ್ರ್ಯಾಕ್ಟ್. ಪ್ರಾಜೆಕ್ಟ್ ಅಂತ ಶುರು ಆದದ್ದು ಎಷ್ಟು ವರ್ಷ ಆದ್ರೂ ಪ್ರಾಜೆಕ್ಟ ಆಗಿ ಉಳೀತದ.

ಕೆಲಸ ಮಾತ್ರ ಮೊದಲಿಗಿಂತ ಹಗುರ ಆಗೇತಿ, ಅದನ್ನೂ ಹೇಳಬೇಕು. ಮೊದಲು ಸಿಡಿ4 (ರಕ್ತದಾಗಿನ ರೋಗ ತಡ್ಯೋ ಕಣದ ಲೆಕ್ಕ) ಇಳಿಯೂ ತನಕ ಕಾಯ್ರಿ ಅಂತ ಮಂದೀನ ಹಂಗ ವಾಪಸ್ ಕಳಿಸ್ತಿದ್ವಿ. 2017ರಿಂದ ಪಾಸಿಟಿವ್ ಬಂದ ಕೂಡ್ಲೆ ಔಷಧ. ದಿನಕ್ಕ ಒಂದ ಗುಳಿಗಿ. ವೈರಸ್ ರಕ್ತದಾಗ ಕಾಣದಷ್ಟು ಇಳದ್ರ ಜೊತಿಗಾರರಿಗೆ ಹರಡೂದಿಲ್ಲ. ಆದ್ರ ಮೂರು ಕಿಟ್ಟಿನ್ಯಾಗೂ ಗೆರಿ ಬಂದಾಗ ಎದುರಿಗೆ ಕುಂತಾಕಿ ಮಾರಿ ನಾನ ನೋಡಬೇಕು. ಆಕಿ ಎದ್ದು ಹೋಗಿ ಎಆರ್‌ಟಿ ಸೆಂಟರ್ ಮುಟ್ಟತಾಳೋ ಇಲ್ಲೋ ನನಗ ಗೊತ್ತಾಗೂದಿಲ್ಲ. ಮೊದಲು ಪಿಯರ್ ಅಕ್ಕ ಹೊರಗ ಬೆಂಚಿನ ಮ್ಯಾಲ ಕುಂತಿರ್ತಿದ್ಲು. ‘ಹೋಗಿ ಬಾ’ ಅಂತಿರಲಿಲ್ಲ, ‘ಏಳ ನಡಿ’ ಅಂತಿದ್ಲು. ಈಗ ನಾ ಚೀಟಿ ಬರದು ಕೊಡ್ತೀನಿ. ಅಷ್ಟ.

ಬೆಟಗೇರಿ ಅವ್ವ, ಗದಗ

ನಾ ಈಗೂ ‘ಏಳ ನಡಿ’ ಅಂತೀನಿ ತಂಗಿ. ಯಾರೂ ರೊಕ್ಕ ಕೊಡೂದಿಲ್ಲ. ಹುಬ್ಬಳ್ಳಿ ಕಿಮ್ಸಿಗೆ ಹೋಗೋರು ಇದ್ರ ನಸುಕಿನ್ಯಾಗ ರೊಟ್ಟಿ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಬರ್ತೀನಿ. ಮೊದಲು ಎರಡೂ ಮಂದಿ ಬಸ್ ಚಾರ್ಜ್ ಪ್ರಾಜೆಕ್ಟಿನ್ಯಾಗ ಬರ್ತಿತ್ತು. ಅದು ನಿಂತ ಮ್ಯಾಲ ಭಾಳ ವರ್ಷ ತ್ರಾಸಾತು, ಕೂಲಿ ಬಿಟ್ಟು ಚಾರ್ಜ್ ಕೊಟ್ಟು ಯಾರು ಹೋಗ್ತಾರ. 2023ರ ಜೂನಿನ್ಯಾಗ ಶಕ್ತಿ ಬಂತು ನೋಡ್ರಿ, ಹೆಣ್ಣಮಕ್ಕಳಿಗೆ ಬಸ್ ಪುಕ್ಕಟೆ. ಅದನ್ನ ಮಾಡಿದವರ ತಲ್ಯಾಗ ಎಚ್‌ಐವಿ ಇದ್ದಿಲ್ಲ. ನಮಗ ಮಾತ್ರ ಭಾಳ ಉಪಯೋಗ ಆತು. ಆಧಾರ್ ತೋರಿಸಿ ಝೀರೋ ಟಿಕೆಟ್ ತಗೊಂಡು ಕುಂದರೂದು. ಎಲ್ಲಿಗೆ, ಯಾಕ ಅಂತ ಯಾರೂ ರಜಿಸ್ಟರ್‌ದಾಗ ಬರಕೊಳ್ಳೂದಿಲ್ಲ.

ಗಂಡಸರಿಗೆ ಚಾರ್ಜ್ ಐತಿ, ಅವರು ಗುಳಿಗಿ ತಪ್ಪಸ್ತಾರ. ನಮ್ಮ ಓಣ್ಯಾಗ ಇಬ್ಬರು ಹಂಗ ಅದಾರ. ಅವರ ಹೆಂಡಂದಿರನ್ನ ಕರಕೊಂಡು ಹೋಗೋ ಮುಂದ ಅವರ ಡಬ್ಬೀನೂ ಕೇಳ್ತೀನಿ. ಒಮ್ಮೊಮ್ಮೆ ಕೊಡ್ತಾರ, ಒಮ್ಮೊಮ್ಮೆ ಅವರನ್ನ ಬರಾಕ ಹೇಳ್ರಿ ಅಂತಾರ.

ಝೆರಾಕ್ಸ್ ಅಂಗಡಿ, ಹುಬ್ಬಳ್ಳಿ

ಅವ್ವಾರ, ಹುಬ್ಬಳ್ಳಿಗೆ ಬಂದಾಗ ನಮ್ಮ ಅಂಗಡಿಗೆ ಬರ್ರಿ. ಆಧಾರ್ ಝೆರಾಕ್ಸ್, ಫಾರ್ಮು ಏನಿದ್ರೂ ಪುಕ್ಕಟೆ. ನಿಮ್ಮ ಚಿತ್ರದ ಪುಸ್ತಕ ಇನ್ನೂ ಐತೇನ್ರಿ? ನಮ್ಮವೆಲ್ಲಾ ಪಟ್ಟ್ಯಾಗ ಸೇರಿ ಹೋದ್ವು. ಇದ್ರ ತರ್ರಿ, ಕಾಪಿ ಮಾಡಿ ಕೊಡ್ತೀನಿ.

ಬೆಟಗೇರಿ ಅವ್ವ, ಗದಗ

ಪುಸ್ತಕ ಒಯ್ದ್ರು. ಕುರ್ಚಿ ಒಂದ ಉಳದೈತಿ, ನಂಬರ್ 14. ಎಣಿಸೋ ದಿವಸ ಅದರ ಮ್ಯಾಲ ನಾನ ಕುಂತಿದ್ದೆ, ಏಳು ಅಂತ ಯಾರೂ ಅನ್ನಲಿಲ್ಲ.

ಲೆಕ್ಕದ ರಾಯರು, ಧಾರವಾಡ

ಅಮ್ಮಾ, ಇದನ್ನೆಲ್ಲ ಇಲ್ಲಿ ಬರೆಯಬೇಡಿ. ಆಡಿಟ್‌ನವರೂ ಓದುತ್ತಾರೆ.

ಬೆಟಗೇರಿ ಅವ್ವ, ಗದಗ

ಓದ್ಲಿ ಬಿಡ್ರಿ ರಾಯರ. ಅದರ ಒಂದು ಕಾಲು ಮುರದೈತಿ, ಇಟ್ಟಂಗಿ ಕೊಟ್ಟೀನಿ. ಬಂದ್ರ ಅದರ ಮ್ಯಾಲ ಕುಂದರಸ್ತೀನಿ.